ನೀರು ಮುಟ್ಟುವ ಕೆಲಸ

ಜೋಳ ಹಸನು ಮಾಡಬಹುದು. ಕೇರಬಹುದು. ಚೀಲ ಹೊತ್ತು ಗಿರಣಿಗೆ ಹಾಕಿ ಬರಬಹುದು. ಬೀಸಿದ ಹಿಟ್ಟನ್ನು ಡಬ್ಬಿಗೆ ತುಂಬಬಹುದು. ನೀರು ಮಾತ್ರ ಮುಟ್ಟುವ ಹಾಗಿಲ್ಲ. ಬೂದಿಗುಡ್ಡದ ರೊಟ್ಟಿ ಸೆಂಟರಿನಲ್ಲಿ ಮಾದಿಗರ ಶೇಖಮ್ಮನಿಗಿದ್ದ ಕಾಯ್ದೆ ಇಷ್ಟೇ. ಯಾವ ಬೋರ್ಡಿನ ಮೇಲೂ ಬರೆದಿರಲಿಲ್ಲ. ಒಣ ಹಿಟ್ಟಿಗೆ ಮೈಲಿಗೆಯಿಲ್ಲ, ನೀರು ಬಿದ್ದ ಹಿಟ್ಟಿಗೆ ಮೈಲಿಗೆ ಅನ್ನುವುದು ಆ ಊರಿನ ಕೂಸಿಗೂ ಗೊತ್ತು. ಅದೇ ಕೈ, ಅದೇ ಹಿಟ್ಟು, ನಡುವೆ ಒಂದು ತಂಬಿಗೆ ನೀರು. ಆ ನೀರಿನಲ್ಲಿ ಏನಿದೆ ಅಂತ ಯಾರೂ ಇಣುಕಿ ನೋಡಿದವರಲ್ಲ.

ಸೆಂಟರು ಇದ್ದದ್ದು ಮಲ್ಲೇಶನ ಮನೆಯಲ್ಲಿ. ಮಲ್ಲೇಶನಿಗೆ ಪೋತ್ನಾಳದಲ್ಲಿ ಅಕ್ಕಿ ಗಿರಣಿ, ಗಬ್ಬೂರಿನ ಆಚೆಯ ಈ ಊರಲ್ಲಿ ಕಲ್ಲು ಕಟ್ಟಿದ ಮನೆ, ಹಣೆಯ ತುಂಬ ವಿಭೂತಿ. ರೊಟ್ಟಿಯ ಪಾಕೀಟಿನ ಮೇಲೆ ಅವನ ಹೆಂಡತಿ ಸುನಂದಾಳ ಫೋಟೊ. ತಲೆಯ ಮೇಲೆ ಸೆರಗು ಹೊದ್ದು ನಗುತ್ತಿದ್ದಳು. ಕೆಳಗೆ ‘ಸುನಂದಕ್ಕನ ಖಡಕ್ ರೊಟ್ಟಿ’ ಎಂದು ಹಳದಿ ಅಕ್ಷರ. ದುಡ್ಡು ಹಾಕಿದ್ದು ರಾಯಚೂರಿನ ಒಂದು ಸಂಸ್ಥೆ. ಕಡು ಬಡ ಹೆಂಗಸರನ್ನು ಅವರ ಕಾಲ ಮೇಲೆ ನಿಲ್ಲಿಸುವುದು ಆ ಸಂಸ್ಥೆಯ ಕೆಲಸ. ಕಡು ಬಡ ಹೆಂಗಸು ಶೇಖಮ್ಮ. ನಿಂತದ್ದು ಸುನಂದಾ.

ಶೇಖಮ್ಮನನ್ನು ಆರಿಸಿದ ರೀತಿಯೇ ಒಂದು ತಮಾಷೆ. ಸಂಸ್ಥೆಯ ಪ್ರಿಯದರ್ಶಿನಿ ಮೇಡಂ ಸ್ಕೂಟಿಯ ಮೇಲೆ ಬಂದು ಶಾಲೆಯ ಮುಂದೆ ರಂಗೋಲಿಯಲ್ಲಿ ಇಡೀ ಊರಿನ ನಕ್ಷೆ ಬಿಡಿಸಿದಳು. ಊರವರ ಕೈಗೆ ಹುಣಸೆ ಬೀಜ ಕೊಟ್ಟು, ಯಾರ ಮನೆಯಲ್ಲಿ ಬಡತನ ಹೆಚ್ಚೋ ಆ ಮನೆಯ ಮೇಲೆ ಬೀಜ ಇಡಿರಿ ಅಂದಳು. ಊರೆಲ್ಲ ಸೇರಿ ಶೇಖಮ್ಮನ ಗುಡಿಸಲಿನ ಮೇಲೆ ಬೀಜ ಸುರಿಯಿತು. ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ಗಂಡ ಮೌನೇಶ ಪುಣೆಯಲ್ಲಿ ಕಟ್ಟಡದ ಮೇಲಿಂದ ಬಿದ್ದು ಸತ್ತ. ಅತ್ತೆ ಯಮನಮ್ಮನ ಸೊಂಟ ಇಟ್ಟಿಗೆ ಹೊತ್ತು ಹೊತ್ತು ಬಾಗಿದೆ, ನೆಟ್ಟಗೆ ನಿಲ್ಲಲಾರಳು. ಹೊಲ ಇಲ್ಲ. ಇರುವ ಸೀರೆಯೂ ಹರಿದದ್ದು. ಇದನ್ನೆಲ್ಲ ಅವಳ ಮುಂದೆಯೇ ಹೇಳಿದರು. ಒಬ್ಬಾಕೆ ಅವಳ ಸೀರೆಯ ತೂತಿಗೆ ಬೆರಳಿಟ್ಟು ತೋರಿಸಿದಳು. ಹುಟ್ಟಿದಾಗಿನಿಂದ ಶೇಖಮ್ಮನಿಗೆ ಊರಲ್ಲಿ ಮೊದಲ ನಂಬರು ಸಿಕ್ಕಿದ್ದು ಅದೊಂದರಲ್ಲೇ.

ಅವಳು ಅದನ್ನು ನುಂಗಿಕೊಂಡಳು. ಮತ್ತೆ ಗುಳೆ ಹೋಗುವುದು ತಪ್ಪಿದರೆ ಸಾಕಾಗಿತ್ತು. ಸುಗ್ಗಿ ಮುಗಿದ ಮೇಲೆ ಕೇರಿಯ ಮಂದಿಯೆಲ್ಲ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಬೆಂಗಳೂರಿನ ಬಸ್ಸಿಗೆ ಕಾಯುತ್ತಾರೆ. ಆ ಗುಂಪಿನಲ್ಲಿ ಕೂತು ಕೂತು ಅವಳಿಗೆ ಸಾಕಾಗಿತ್ತು. ಅಲ್ಲಿ ತಗಡಿನ ಗೂಡು. ಹೊರಕಡೆಗೆ ಹೋಗಬೇಕೆಂದರೆ ಕತ್ತಲಾಗುವವರೆಗೆ ಹೊಟ್ಟೆ ಹಿಡಿದು ಕೂರಬೇಕು. ಸಿಮೆಂಟು ತಿಂದು ಕಾಲಿನ ಬೆರಳ ಸಂದಿ ಬಿಳುಚಿ ಕೊಳೆಯುತ್ತದೆ. ಮೇಸ್ತ್ರಿ ಪುಟ್ಟಿ ಎತ್ತಿಕೊಡುವ ನೆವದಲ್ಲಿ ಮೈ ಮುಟ್ಟುತ್ತಾನೆ. ಮುಟ್ಟುವಾಗ ಅವನಿಗೆ ಯಾವ ಮೈಲಿಗೆಯೂ ಅಡ್ಡ ಬರುವುದಿಲ್ಲ. ಇತ್ತ ಗುಡಿಸಲಿನಲ್ಲಿ ಮುದುಕಿ ಒಬ್ಬಳೇ ಗೋಡೆ ಹಿಡಿದು ತೆವಳುತ್ತಾಳೆ.

‘ಏನ್ ಉದ್ಯೋಗ ಮಾಡ್ತೀರಿ ಶೇಖಮ್ಮ? ನಿಮಗ ಏನ್ ಬರ್ತದ?’ ಎಂದು ಮೇಡಂ ಕೇಳಿದಾಗ ಅವಳು ತಡಮಾಡಲಿಲ್ಲ.

‘ರೊಟ್ಟಿ ಬಡೀತೀನ್ರೀ. ನನ್ನ ಹೆಸರಲೆ ಒಂದು ರೊಟ್ಟಿ ಅಂಗಡಿ ಆಗಬೇಕು. ಕ್ರಾಸಿನ್ಯಾಗ.’

ಮೇಡಂ ಖುಷಿಪಟ್ಟಳು. ದೇವದುರ್ಗದಲ್ಲಿ ತರಬೇತಿ ಕೊಡಿಸಿದಳು. ಹಲ್ಲು ಬರುವ ಮುಂಚೆಯೇ ರೊಟ್ಟಿಯ ಸಪ್ಪಳ ಕೇಳಿ ಬೆಳೆದವಳಿಗೆ ಅಲ್ಲಿ ಯಾರೋ ಪರದೆಯ ಮೇಲೆ ರೊಟ್ಟಿಯ ಚಿತ್ರ ತೋರಿಸಿದರು. ಆಮೇಲೆ ಒಂದು ಒಲೆ, ಒಂದು ದೊಡ್ಡ ಕಬ್ಬಿಣದ ಹಂಚು, ಹಿಟ್ಟು ನಾದುವ ಒಂದು ಪರಾತ ಅವಳ ಕೈಗೆ ಕೊಟ್ಟು ಫೋಟೊ ತೆಗೆದರು. ಹಂಚಿನ ಹಿಡಿಕೆಗೆ ಅವಳ ಹೆಸರಿನ ಚೀಟಿ ಅಂಟಿಸಿದ್ದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಊರಿಗೆ ಬಂದಳು.

ಊರು ನಕ್ಕಿತು. ಮಾದಿಗರಾಕಿ ಬಡಿದ ರೊಟ್ಟಿ ಯಾರು ತಿನ್ನುತ್ತಾರೆ? ಮೇಡಂ ಮುಖ ಬಾಡಿತು. ವಾರದೊಳಗೆ ಹಂಚು, ಒಲೆ, ಪರಾತ ಮೂರೂ ಮಲ್ಲೇಶನ ಮನೆ ಸೇರಿದವು.

‘ಮಾರ್ಕೆಟ್ ನೋಡಬೇಕಲ್ಲ ಶೇಖಮ್ಮ. ಸದ್ಯಕ್ಕ ಅಡ್ಜಸ್ಟ್ ಮಾಡ್ಕೊಳ್ರಿ. ಸುನಂದಕ್ಕ ಅವರ ಹೆಸರಿಗೆ ಒಂದು ಬೆಲೆ ಅದ. ನೀವೂ ಅದರಾಗ ಪಾಲುದಾರರು’ ಅಂದಳು ಮೇಡಂ.

ಪಾಲಿಗೆ ಬಂದದ್ದು ಮೊರ ಮತ್ತು ಚೀಲ.

ಸುನಂದಾಳ ಓರಗಿತ್ತಿಯರು, ನಾದಿನಿಯರು ಬಂದು ರೊಟ್ಟಿ ಬಡಿಯಲು ಕೂತರು. ಮೊದಲ ತಿಂಗಳು ಹಾಡು, ನಗು, ಚಹಾ. ಎರಡನೇ ತಿಂಗಳು ಒಬ್ಬಳಿಗೆ ಕೈ ಸುಟ್ಟಿತು, ಇನ್ನೊಬ್ಬಳಿಗೆ ಹೊಗೆ ಆಗಿ ಬರಲಿಲ್ಲ, ಮತ್ತೊಬ್ಬಳ ಗಂಡ ‘ನಮ್ಮ ಮನೆಯವರು ಕೂಲಿಗೆ ಹೋಗುವವರಲ್ಲ’ ಅಂದ. ಅಷ್ಟರಲ್ಲಿ ಮಾನ್ವಿಯ ಖಾನಾವಳಿಗಳು, ರಾಯಚೂರಿನ ಅಂಗಡಿಗಳು ಪಾಕೀಟು ಕೇಳತೊಡಗಿದ್ದವು. ಮಠದಿಂದಲೂ ಹೇಳಿಕಳಿಸಿದರು. ಶ್ರಾವಣದ ತುಂಬ ಅಲ್ಲಿ ದಾಸೋಹ, ದಿನಕ್ಕೊಂದು ಟಂಟಂ ಗಾಡಿ ತುಂಬ ರೊಟ್ಟಿ ಬೇಕು. ಮುಂಚೆ ಊರಿನ ಮನೆಮನೆಯಿಂದ ರೊಟ್ಟಿ ಒಟ್ಟುಗೂಡಿಸಿ ಕಳಿಸುತ್ತಿದ್ದರು. ಕೇರಿಯಿಂದ ಹಿಟ್ಟನ್ನು ಮಾತ್ರ ಇಸಿದುಕೊಳ್ಳುತ್ತಿದ್ದರು.

ಮಲ್ಲೇಶ ಒಂದು ಬೆಳಿಗ್ಗೆ ಹಿತ್ತಿಲಿಗೆ ಬಂದ. ಬಾಯಲ್ಲಿ ಅಡಿಕೆ ಇತ್ತು. ಒಂದು ಸಲ ಪಿಚಕ್ಕೆಂದು ಉಗುಳಿ ಹೇಳಿದ.

‘ಶೇಖಮ್ಮ, ಹಿಂದಿನ ಷೆಡ್ಡಿನ್ಯಾಗ ಒಲಿ ಹಾಕಿಸೀನಿ. ನೀನು, ನಿಮ್ಮ ಕೇರಿಯವರು ಇನ್ನಿಬ್ಬರು ಬಂದು ಬಡೀರಿ. ಬಾಗಲಾ ಹಾಕ್ಕೋರಿ. ಯಾರರೆ ಕೇಳಿದ್ರ ಜ್ವಾಳ ಹಸನ ಮಾಡಾಕತ್ತೀವಿ ಅನ್ರಿ.’

‘ನೀರು ಮುಟ್ಟೂದು ಹ್ಯಾಂಗ್ರೀ ಗೌಡ್ರ?’

‘ನಾ ಹೇಳಾಕತ್ತೀನಲ್ಲ. ಮುಟ್ಟು.’

ಬಾಗಿಲು ಹಾಕಿದ ತಗಡಿನ ಷೆಡ್ಡು. ಕಿಟಕಿಯಿಲ್ಲ. ಮೇಲೆ ಬಿಸಿಲು, ಕೆಳಗೆ ಒಲೆ. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಸುಡುಸುಡು ಹಿಟ್ಟನ್ನು ಅಂಗೈಯಿಂದ ನಾದಬೇಕು. ಬಡಿಯಬೇಕು. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಬೇಕು. ತಿರುವಬೇಕು. ಬೆವರು ಕಣ್ಣಿಗಿಳಿಯುತ್ತದೆ, ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಮೊಣಕಾಲು ಹಿಡಿದು, ಸಂಜೆ ಏಳುವಾಗ ಗೋಡೆ ಹಿಡಿಯಬೇಕು. ಉಗುರಿನ ಬುಡ ಸುಟ್ಟು ಕಪ್ಪಾಯಿತು. ಆದರೂ ಹಂಚಿನ ಹಿಡಿಕೆಯ ಮೇಲೆ ಅವಳ ಹೆಸರಿನ ಚೀಟಿ ಅರ್ಧ ಸುಟ್ಟು ಉಳಿದಿತ್ತು. ಅದನ್ನು ನೋಡಿದಾಗೊಮ್ಮೆ ಶೇಖಮ್ಮನಿಗೆ ಸಮಾಧಾನವಾಗುತ್ತಿತ್ತು. ಇಂದಲ್ಲ ನಾಳೆ ಮೇಡಂ ಅಂಗಡಿ ಹಾಕಿಸಿಕೊಡುತ್ತಾಳೆ ಅಂದುಕೊಳ್ಳುತ್ತಿದ್ದಳು.

ಯಾರಾದರೂ ನೋಡಲು ಬಂದರೆ ಬೇರೆ ಆಟ. ಸುನಂದಾ ರೇಷ್ಮೆ ಸೀರೆ ಉಟ್ಟು ಪಡಸಾಲೆಯಲ್ಲಿ ಪರಾತದ ಮುಂದೆ ಕೂರುತ್ತಿದ್ದಳು. ಶೇಖಮ್ಮನ ಕೈಗೆ ಮೊರ ಕೊಟ್ಟು ಅಂಗಳದ ಮೂಲೆಯಲ್ಲಿ ಕೂರಿಸುತ್ತಿದ್ದರು. ‘ಹರಿದ ಸೀರಿ ಉಟ್ಕೊಂಡು ಬಾ’ ಎಂದು ಮಲ್ಲೇಶ ಮುಂಚೆಯೇ ಹೇಳಿಕಳಿಸುತ್ತಿದ್ದ. ಹೊಸ ಸೀರೆ ಕೊಂಡ ಮೇಲೂ ಅವಳು ಆ ಹರಿದದ್ದನ್ನು ಒಗೆದು ಮಡಿಸಿಟ್ಟಿದ್ದು ಅದಕ್ಕೇ.

ಇನ್ನೊಬ್ಬಳಿದ್ದಳು, ಮಲ್ಲೇಶನ ತಾಯಿ ಅಂಬಮ್ಮ. ಬಾಯಲ್ಲಿ ಒಂದೂ ಹಲ್ಲಿಲ್ಲ. ಹಾಲಲ್ಲಿ ನೆನೆಸಿದ ತೆಳು ರೊಟ್ಟಿ ಬಿಟ್ಟರೆ ಬೇರೇನೂ ಸೇರುವುದಿಲ್ಲ. ಸುನಂದಾ ಬಡಿದ ರೊಟ್ಟಿಯನ್ನು ಬಾಯಿಗಿಟ್ಟು ‘ಥೂ, ಚಪ್ಪಲಿ ಅಟ್ಟಿ’ ಎಂದು ಉಗುಳುವಳು. ‘ಹಿಂದಿನದ ತಾ’ ಅನ್ನುವಳು. ಹಿಂದಿನದು ಅಂದರೆ ಷೆಡ್ಡಿನದು, ಶೇಖಮ್ಮನದು. ಅದನ್ನು ಹಾಲಲ್ಲಿ ಕಲೆಸಿ, ಬಟ್ಟಲು ನೆಕ್ಕಿ, ಐದೂ ಬೆರಳು ಚೀಪುವಳು. ಚೀಪಿದ ಬೆರಳಲ್ಲೇ ಸೊಸೆಗೆ ಸನ್ನೆ ಮಾಡುವಳು. ಶೇಖಮ್ಮ ಹಾದುಹೋದ ಜಾಗಕ್ಕೆ ಸಗಣಿ ನೀರು ಚಿಮುಕಿಸು ಅಂತ. ಹಿತ್ತಿಲ ಗೋಡೆಯ ಕಿಂಡಿಯಿಂದ ಹೊರಬೀಳುವಾಗ ಶೇಖಮ್ಮನಿಗೆ ಬೆನ್ನ ಹಿಂದೆ ನೀರು ಬೀಳುವ ಸಪ್ಪಳ ಕೇಳುತ್ತಿತ್ತು.

ಇಷ್ಟಾದರೂ ಶೇಖಮ್ಮ ಹೆದರಿದ್ದು ತನ್ನ ಸಲುವಾಗಿ ಅಲ್ಲ. ಅವಳ ತಲೆಯಲ್ಲಿ ಹೊಕ್ಕಿದ್ದು ಒಂದೇ. ಮಠದ ಅಯ್ಯನವರಿಗೆ ಗೊತ್ತಿಲ್ಲ. ದಾಸೋಹದಲ್ಲಿ ಉಣ್ಣುವವರಿಗೆ ಗೊತ್ತಿಲ್ಲ. ಮಲ್ಲೇಶ ಎಲ್ಲರಿಗೂ ಮೋಸ ಮಾಡುತ್ತಿದ್ದಾನೆ, ಆ ಮೋಸದಲ್ಲಿ ತನ್ನ ಕೈಯೂ ಇದೆ. ಮಠದ ರೊಟ್ಟಿ ಬಡಿಯುವ ದಿನ ಅವಳು ನಸುಕಿನಲ್ಲೇ ತಲೆಮೇಲೆ ನೀರು ಹಾಕಿಕೊಳ್ಳುತ್ತಿದ್ದಳು, ಏನೂ ತಿನ್ನದೆ ಒಲೆಯ ಮುಂದೆ ಕೂರುತ್ತಿದ್ದಳು. ದರ್ಗಾದ ಹರಕೆಯಿಂದ ಹುಟ್ಟಿದವಳು ಅಂತ ಅವಳಿಗೆ ಶೇಖಮ್ಮ ಎಂದು ಹೆಸರಿಟ್ಟಿದ್ದರು. ಅದೇ ದರ್ಗಾಕ್ಕೆ ಹೋಗಿ ಸಕ್ಕರೆಯ ಮೇಲೆ ಫಾತೆಹ ಓದಿಸಿ, ಎರಡೂ ಕೆನ್ನೆಗೆ ಹೊಡೆದುಕೊಂಡಳು. ಮುಜಾವರ ಮೌಲಾಹುಸೇನ ಮುದುಕ. ನವಿಲುಗರಿ ಅವಳ ತಲೆಗೆ ತಾಗಿಸುತ್ತ ಕೇಳಿದ.

‘ಅಂಥಾದ್ದೇನ್ ಗುನಾ ಮಾಡೀಯವಾ ನೀನು?’

‘ನನ್ನ ಕೈಲೆ ಮಂದಿ ಜಾತಿ ಕೆಡಾಕತ್ತದ ಯಪ್ಪಾ. ಅವರಿಗೆ ಗೊತ್ತಿಲ್ಲ.’

ಮೌಲಾಹುಸೇನ ಅರ್ಥವಾಗದೆ ಅವಳ ಮುಖ ನೋಡಿದ. ಅವಳು ಸಕ್ಕರೆಯನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು.

ಶ್ರಾವಣ ಮುಗಿದ ಮೇಲೆ ರಾಯಚೂರಿನಲ್ಲಿ ಸಂಸ್ಥೆಯ ದೊಡ್ಡ ಸಮಾರಂಭ. ಬಡತನ ದಾಟಿದ ಹೆಂಗಸರಿಗೆ ಶಾಲು, ಪ್ರಮಾಣಪತ್ರ. ಸುನಂದಾಳಿಗೆ ಒಳ್ಳೆಯ ಉದ್ಯಮಿ ಅಂತ ಪ್ರಶಸ್ತಿ. ಶೇಖಮ್ಮ ವೇದಿಕೆಯ ಮೇಲೆ ನಾಲ್ಕು ಮಾತು ಆಡಬೇಕು. ಮೇಡಂ ಮಾತು ಕಲಿಸಿದಳು. ‘ನಾನು ಮೊದಲು ಗುಳೆ ಹೋಗುತ್ತಿದ್ದೆ. ಈಗ ಸುನಂದಕ್ಕನವರ ಸೆಂಟರಿನಲ್ಲಿ ಜೋಳ ಹಸನು ಮಾಡುತ್ತೇನೆ. ನಾನೀಗ ಸಬಲೆ.’ ಶೇಖಮ್ಮ ಬಸ್ಸಿನುದ್ದಕ್ಕೂ ಅದನ್ನೇ ಗುನುಗಿಕೊಂಡು ಬಂದಳು. ಸಬಲೆ ಅನ್ನುವಲ್ಲಿ ನಾಲಿಗೆ ತೊಡರುತ್ತಿತ್ತು.

ದೊಡ್ಡ ಸಭಾಭವನ. ಫ್ಯಾನು, ಕುರ್ಚಿ, ಸೆಂಟಿನ ವಾಸನೆ. ವೇದಿಕೆಯ ಮೇಲೆ ಗ್ಯಾಸಿನ ಒಲೆ ಇಟ್ಟು ಸುನಂದಾ ಎಲ್ಲರ ಮುಂದೆ ಒಂದು ರೊಟ್ಟಿ ಬಡಿದು ತೋರಿಸಿದಳು. ಹಿಟ್ಟು ಬೆಳಿಗ್ಗೆ ಷೆಡ್ಡಿನಲ್ಲಿ ಶೇಖಮ್ಮ ನಾದಿ ಕಟ್ಟಿಕೊಟ್ಟದ್ದು. ಕ್ಯಾಮೆರಾಗಳು ಮಿಂಚಿದವು. ಆಮೇಲೆ ಮಠದ ಮಹಾಂತಯ್ಯನವರು ಆಶೀರ್ವಾದ ಮಾಡಲು ಎದ್ದರು. ಊರಲ್ಲಿ ಶೇಖಮ್ಮ ಅವರನ್ನು ದೂರದಿಂದ ಮಾತ್ರ ನೋಡಿದ್ದಳು. ಹತ್ತಿರದಿಂದ ನೋಡಿದರೆ ಸಾದಾ ಮನುಷ್ಯ, ಹೊಟ್ಟೆ ಬಂದಿತ್ತು.

‘ಅನ್ನದಾನಕ್ಕಿಂತ ದೊಡ್ಡದು ಶುದ್ಧ ಕೈ. ಸುನಂದಮ್ಮನ ಕೈ ಶುದ್ಧ. ಶುದ್ಧ ಕೈಯಿಂದ ಬಂದ ರೊಟ್ಟಿ ಪ್ರಸಾದ ಆಗ್ತದ. ಶ್ರಾವಣದ ತುಂಬ ನಮ್ಮ ಮಠದ ಭಕ್ತರು ಆ ಪ್ರಸಾದ ಉಂಡಾರ’ ಅಂದರು.

ಕೆಳಗೆ ಸಾಲಿನಲ್ಲಿ ಕೂತಿದ್ದ ಶೇಖಮ್ಮ ತನ್ನ ಕೈ ನೋಡಿಕೊಂಡಳು. ಅಂಗೈ ಸುಟ್ಟು ಚರ್ಮ ಎದ್ದಿತ್ತು. ಹೆಬ್ಬೆರಳ ಉಗುರು ಅರ್ಧ ಕಿತ್ತುಹೋಗಿತ್ತು. ಹೆಸರು ಕರೆದರು. ಮೇಡಂ ಬೆನ್ನು ತಟ್ಟಿ ಕಳಿಸಿದಳು. ಮೈಕಿನ ಮುಂದೆ ನಿಂತಾಗ ಕಲಿತ ಮಾತು ಒಂದೂ ನೆನಪಿಗೆ ಬರಲಿಲ್ಲ. ಬಂದಿದ್ದರೂ ಆಡುತ್ತಿರಲಿಲ್ಲವೇನೋ.

‘ಆ ರೊಟ್ಟಿ ನಾ ಬಡದದ್ರೀ. ಮಠದ್ದೂ ನಾನ ಬಡದೀನಿ. ಹಿಂದಿನ ಷೆಡ್ಡಿನ್ಯಾಗ ಬಾಗಲಾ ಹಾಕ್ಕೊಂಡು ಬಡದೀನಿ. ನೀವೆಲ್ಲಾ ಗೊತ್ತಿಲ್ದ ತಿಂದೀರಿ. ನಾ ಮಾದಿಗರಾಕಿ. ಇದು ನನ್ನ ಕೈರೀ’ ಅಂದಳು. ಎರಡೂ ಅಂಗೈ ಎತ್ತಿ ತೋರಿಸಿದಳು.

ಈಗ ಸಭೆಯೆಲ್ಲ ಎದ್ದು ನಿಲ್ಲುತ್ತದೆ ಅಂದುಕೊಂಡಳು. ಯಾರೋ ಓಕರಿಸುತ್ತಾರೆ, ಯಾರೋ ಹೊಡೆಯಲು ಬರುತ್ತಾರೆ, ಅಯ್ಯನವರು ಎದ್ದು ಹೋಗುತ್ತಾರೆ. ಕಣ್ಣು ಮುಚ್ಚಿ ನಿಂತಳು.

ಏನೂ ಆಗಲಿಲ್ಲ. ಫ್ಯಾನು ತಿರುಗುತ್ತಿತ್ತು. ಮಹಾಂತಯ್ಯನವರು ಕೂತಲ್ಲಿಂದಲೇ ನಕ್ಕರು. ಕೂಸಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದರು.

‘ನಮಗ ಗೊತ್ತಿಲ್ಲೇನವಾ? ಮೊದಲಿಂದ ಗೊತ್ತದ. ಊರಿಗೆಲ್ಲಾ ಗೊತ್ತದ. ಶಿವನ ಮುಂದ ಎಲ್ಲಾರೂ ಒಂದ. ಆದ್ರ ಇಂಥಾದ್ದು ಮೈಕಿನ್ಯಾಗ ಹೇಳೂದಲ್ಲ ತಂಗಿ. ಹೋಗು, ಕುಂದ್ರು.’

ಮೇಡಂ ಗಡಬಡಿಸಿ ಚಪ್ಪಾಳೆ ತಟ್ಟಿದಳು. ಇಡೀ ಸಭೆ ತಟ್ಟಿತು. ಎಷ್ಟು ಧೈರ್ಯದ ಹೆಣ್ಣುಮಗಳು ಅಂತ ಮುಂದಿನ ಸಾಲಿನಲ್ಲಿ ಯಾರೋ ಅಂದರು. ಒಬ್ಬಾಕೆ ಕಣ್ಣು ಒರೆಸಿಕೊಂಡಳು. ಆಮೇಲೆ ಊಟಕ್ಕೆ ಎದ್ದರು. ಅದೇ ಷೆಡ್ಡಿನ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಮಲ್ಲೇಶನೂ, ಅಯ್ಯನವರೂ, ಪ್ರಶಸ್ತಿ ಕೊಟ್ಟವರೂ ರೊಟ್ಟಿ ಮುರಿದು ಮುರಿದು ತಿಂದರು. ಕಟಕಟ ಸಪ್ಪಳ ಭವನದ ತುಂಬ ಕೇಳುತ್ತಿತ್ತು. ಕೇರಿಯ ಹೆಂಗಸರಿಗೆ ಹೊರಗೆ ಶಾಮಿಯಾನದ ಕೆಳಗೆ ಎಲೆ ಹಾಕಿದ್ದರು.

ಶೇಖಮ್ಮ ಭವನದ ಹಿಂದಿನ ನಲ್ಲಿಗೆ ಹೋಗಿ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ಹಳದಿ ನೀರು ಬಂತು. ನಸುಕಿನಲ್ಲಿ ಮಿಂದದ್ದು, ಉಪವಾಸ ಕೂತದ್ದು, ದರ್ಗಾದಲ್ಲಿ ಕೆನ್ನೆಗೆ ಹೊಡೆದುಕೊಂಡದ್ದು ಎಲ್ಲ ನೆನಪಾಯಿತು. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ತಿಂದಿದ್ದರು. ಗೊತ್ತಿದ್ದೂ ನೀರು ಚಿಮುಕಿಸಿದ್ದರು. ಜಾತಿ ಕೆಟ್ಟಿದ್ದರೆ ಅವಳಿಗೆ ಅಷ್ಟು ಹೇಸಿಗೆ ಆಗುತ್ತಿರಲಿಲ್ಲ. ಇವರ ಜಾತಿ ಕೆಡುವ ಜಾತಿಯೇ ಅಲ್ಲ. ಬಾಯಿಗೊಂದು, ಅಂಗಳಕ್ಕೊಂದು ಇಟ್ಟುಕೊಂಡವರು. ಇಂಥವರ ಪಾಪಕ್ಕೆ ತಾನು ಹೆದರಿ ಸತ್ತೆನಲ್ಲ ಅಂತ ತನ್ನ ಮೇಲೇ ಅಸಹ್ಯವಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಮಲ್ಲೇಶ ಹಿಂದಿನ ಸೀಟಿಗೆ ಬಗ್ಗಿ ಹೇಳಿದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಅದನ್ನೂ ಶೇಖಮ್ಮ ನೋಡಿದಳು.

‘ಆದದ್ದಾತು. ನಾಳಿಗೆ ಬಂದುಬಿಡು. ನಿನಗ ಅಷ್ಟ ಬ್ಯಾಸರ ಇದ್ರ ಷೆಡ್ಡಿನ ಬಾಗಲಾ ಅರ್ಧಾ ತೆರದಿಡೂಣು.’

‘ನನ್ನ ಹಂಚು ಕೊಡ್ರಿ.’

‘ಅದು ಸೆಂಟರಿಂದು.’

‘ಅದರ ಮ್ಯಾಲ ನನ್ನ ಹೆಸರದ.’

ಅವನು ನಕ್ಕು ಮುಂದಕ್ಕೆ ತಿರುಗಿದ.

ಮರುದಿನ ಅವಳು ಷೆಡ್ಡಿಗೆ ಹೋದಳು. ಉಳಿದಿಬ್ಬರು ಆಗಲೇ ಒಲೆ ಹಚ್ಚಿದ್ದರು. ಶೇಖಮ್ಮ ಒಲೆಯ ಮೇಲಿದ್ದ ಹಂಚನ್ನು ಎರಡು ಅರಿವೆ ಮಡಿಸಿ ಹಿಡಿದು ಎತ್ತಿದಳು. ಹಂಚು ಕಾದಿತ್ತು. ಹಿತ್ತಿಲ ಕಿಂಡಿಯ ಕಡೆಗೆ ಹೋಗಲಿಲ್ಲ. ನೇರ ಮನೆಯೊಳಕ್ಕೆ ಕಾಲಿಟ್ಟಳು. ಅಡುಗೆ ಮನೆ, ನಡುಮನೆ, ದೇವರ ಕೋಣೆ, ಪಡಸಾಲೆ. ಒಮ್ಮೆಯೂ ನೋಡದ ಮನೆ. ನೋಡಿದರೆ ಅಂಥಾದ್ದೇನೂ ಇರಲಿಲ್ಲ, ಮೂಲೆಯಲ್ಲಿ ಒಗೆಯದ ಬಟ್ಟೆ ಬಿದ್ದಿತ್ತು.

‘ಮಲ್ಯಾ, ಲೇ ಮಲ್ಯಾ, ಒಳಗ ಬಂದಾಳಲೇ ಅಕಿ’ ಎಂದು ಅಂಬಮ್ಮ ಉಯ್ಯಾಲೆಯ ಮೇಲಿಂದ ಕಿರುಚಿದಳು.

ಮಲ್ಲೇಶ ಓಡಿಬಂದು ಅಡ್ಡ ನಿಂತ. ಅವಳನ್ನು ಹಿಡಿದು ತಡೆಯೋಣವೆಂದರೆ ಎದುರಿಗೆ ತಾಯಿ, ಹೊರಗೆ ಓಣಿಯ ಮಂದಿ, ಮುಟ್ಟಿದರೆ ಮೈಲಿಗೆ. ಹಂಚು ಕಸಿದುಕೊಳ್ಳೋಣವೆಂದರೆ ಸುಡುತ್ತದೆ. ಕೈ ಮುಂದೆ ಮಾಡಿದ, ಹಿಂದಕ್ಕೆ ತೆಗೆದುಕೊಂಡ. ಶೇಖಮ್ಮ ಅವನ ಮುಖದ ಮುಂದೆ ಹಂಚು ಹಿಡಿದು ನಡೆದಳು. ಅವನು ಗೋಡೆಗೆ ಅಂಟಿಕೊಂಡ. ಇಷ್ಟು ವರ್ಷ ಅವಳನ್ನು ಕಟ್ಟಿಹಾಕಿದ್ದ ಮೈಲಿಗೆ ಅವತ್ತೊಂದು ದಿನ ಅವಳ ಮುಂದೆ ದಾರಿ ಬಿಡಿಸುತ್ತ ಹೋಯಿತು. ತಲೆಬಾಗಿಲ ಹೊಸ್ತಿಲು ದಾಟಿ ಅವಳು ಓಣಿಗಿಳಿದಳು.

ಬೂದಿಗುಡ್ಡ ಕ್ರಾಸಿನಲ್ಲಿ ಬಸ್ಸು ನಿಲ್ಲುವ ತಗಡಿನ ನೆರಳಿದೆ. ಅದರ ಪಕ್ಕದಲ್ಲಿ ಮೂರು ಕಲ್ಲು ಇಟ್ಟು, ಹಂಚು ಏರಿಸಿ, ಗುಡಿಸಲಿನ ಹಳೆಯ ಪರಾತ ಮುಂದಿಟ್ಟುಕೊಂಡು, ರಸ್ತೆಗೆ ಮುಖ ಮಾಡಿ ಕೂತಳು. ಎದುರಿಗೆ ಕೂತು ತಿನ್ನಲು ಒಂದು ಹಲಗೆ. ಯಮನಮ್ಮ ಕೋಲೂರಿಕೊಂಡು ಬಂದು ಒಲೆಗೆ ಜಾಲಿ ಕಟ್ಟಿಗೆ ತುರುಕಿದಳು. ಮೊದಲ ದಿನ ಒಬ್ಬರೂ ಬರಲಿಲ್ಲ. ಬಸ್ಸಿಗೆ ಕಾಯುವವರು ನೆರಳು ಬಿಟ್ಟು ಬಿಸಿಲಲ್ಲಿ ನಿಂತರು. ಎರಡನೇ ದಿನ ಮೌಲಾಹುಸೇನ ಮಾನ್ವಿ ಕಡೆಯಿಂದ ಬಂದ ಬಸ್ಸಿಳಿದು ಹಲಗೆಯ ಮೇಲೆ ಕೂತ. ತಿಂದು ನೀರು ಕುಡಿದ ಮೇಲೆ ಕೇಳಿದ.

‘ಇದ ಏನವಾ ನೀ ಹೇಳಿದ ಗುನಾ?’

‘ಹೂಂ ಯಪ್ಪಾ.’

‘ಇನ್ನೊಂದು ಹಾಕು’ ಅಂದ.

ಆಮೇಲೆ ಡ್ರೈವರು, ಕಂಡಕ್ಟರು, ಲಾರಿಯವರು ಬರತೊಡಗಿದರು. ದೂರದ ಮಂದಿಗೆ ಅವಳು ಕೇಳಿದಷ್ಟು ಕಟ್ಟಿಕೊಡುತ್ತಿದ್ದಳು. ಊರವರಿಗೆ ಮಾತ್ರ ಒಂದು ಕಾಯ್ದೆ ಮಾಡಿದಳು. ಅದನ್ನೂ ಬೋರ್ಡಿನ ಮೇಲೆ ಬರೆಯಲಿಲ್ಲ. ಊರವರು ಮುಖ ಅತ್ತ ತಿರುಗಿಸಿಕೊಂಡು ‘ಎರಡು ಕಟ್ಟಿ ಕೊಡು’ ಅಂದರೆ, ‘ಕಟ್ಟಿ ಕೊಡಂಗಿಲ್ಲ. ಇಲ್ಲೆ ಕುಂತು ತಿನ್ನಬೇಕು’ ಅನ್ನುತ್ತಿದ್ದಳು. ಅವರು ಗೊಣಗುತ್ತ ಹೋಗುತ್ತಿದ್ದರು. ಕುರಿ ಹೊಡೆದುಕೊಂಡು ಹೋಗುವ ಮಾಳಿಂಗಪ್ಪ ಒಬ್ಬ ಮಾತ್ರ ಬಹಳ ದಿನ ಸುಮ್ಮನೆ ನೋಡಿ ನೋಡಿ, ಒಂದು ಮಧ್ಯಾಹ್ನ ಕಂಬಳಿ ಕೊಡವಿ ಹಲಗೆಯ ಮೇಲೆ ಕೂತ. ಊರವರಲ್ಲಿ ಅವನೊಬ್ಬನೇ.

ವ್ಯಾಪಾರ ಸಾಲುತ್ತಿರಲಿಲ್ಲ. ಉಳಿದ ರೊಟ್ಟಿಯನ್ನು ಅತ್ತೆ ಸೊಸೆ ಇಬ್ಬರೂ ಸಂಜೆ ಖಾರ ಹಚ್ಚಿಕೊಂಡು ತಿನ್ನುತ್ತಿದ್ದರು.

‘ಕಟ್ಟಿ ಕೊಟ್ರ ನಿನ್ನ ಗಂಟೇನ್ ಹೋಗ್ತದ? ರೊಕ್ಕಕ್ಕ ಮುಖಾ ಇರ್ತದೇನ? ಹಿಂಗಾದ್ರ ಸುಗ್ಗಿ ಮುಗಿಯೂದ್ರಾಗ ಮತ್ತ ಗುಳೆ ಹೋಗ್ತೀದಿ ನೀನು. ನಾ ಗ್ವಾಡಿ ಹಿಡಕೊಂಡು ಸಾಯ್ತೀನಿ’ ಎಂದು ಯಮನಮ್ಮ ಬೈದಳು.

ಶೇಖಮ್ಮನಿಗೂ ಅದೇ ಹೆದರಿಕೆ. ಕೇರಿಯ ಮಂದಿ ಆಗಲೇ ಯಾವ ಮೇಸ್ತ್ರಿಯ ಕೈ ಕೆಳಗೆ ಹೋಗುವುದು ಅಂತ ಮಾತಾಡಿಕೊಳ್ಳುತ್ತಿದ್ದರು. ಆದರೂ ಕಟ್ಟಿಕೊಡಲು ಅವಳ ಕೈ ಬರುತ್ತಿರಲಿಲ್ಲ. ಕಟ್ಟಿಕೊಟ್ಟರೆ ಮತ್ತದೇ ಷೆಡ್ಡು, ತಗಡಿಲ್ಲ ಅಷ್ಟೇ.

ಒಂದು ದಿನ ಪ್ರಿಯದರ್ಶಿನಿ ಮೇಡಂ ಸ್ಕೂಟಿ ನಿಲ್ಲಿಸಿದಳು. ಹೆಲ್ಮೆಟ್ಟು ತೆಗೆಯಲಿಲ್ಲ.

‘ಹಿಂಗ ಮಾಡಿದ್ರ ನಿಮ್ಮನ್ನ ಕಾರ್ಯಕ್ರಮ ಬಿಟ್ಟು ಹೋದವರು ಅಂತ ತೋರಿಸಬೇಕಾಗ್ತದ ಶೇಖಮ್ಮ. ಮುಂದಿನ ಸಹಾಯ ಬರಂಗಿಲ್ಲ. ನನಗೂ ಮ್ಯಾಲಿಂದ ಬೈತಾರ.’

‘ತೋರಿಸ್ರಿ. ಬರ್ರಿ ಮೇಡಂ, ಕುಂದರ್ರಿ. ಬಿಸಿ ರೊಟ್ಟಿ ತಿಂದು ಹೋಗ್ರಿ.’

ಮೇಡಂ ಹಲಗೆ ನೋಡಿದಳು, ಗಡಿಯಾರ ನೋಡಿದಳು. ‘ಈಗ ಊಟ ಆಗ್ಯದ’ ಅಂದಳು. ಮುಂಜಾನೆಯ ಬಿಸಿಲು ಇನ್ನೂ ನೆತ್ತಿಗೆ ಏರಿರಲಿಲ್ಲ.

ಇದಾಗಿ ಸ್ವಲ್ಪ ದಿನಕ್ಕೆ, ಹೊತ್ತು ಮುಳುಗುವಾಗ, ಹಲಗೆಯ ಮೇಲೆ ಮೌಲಾಹುಸೇನ ಮತ್ತು ಮಾಳಿಂಗಪ್ಪ ಉಣ್ಣುತ್ತಿದ್ದರು. ಒಲೆಯ ಹಿಂದೆ ಜಾಲಿ ಗಿಡದ ಮರೆಯಲ್ಲಿ ಯಾರೋ ಕ್ಯಾಕರಿಸಿದ ಹಾಗಾಯಿತು. ಶೇಖಮ್ಮ ತಿರುಗಿ ನೋಡಿದಳು. ಸುನಂದಾ ನಿಂತಿದ್ದಳು. ಪಾಕೀಟಿನ ಮೇಲೆ ಇದ್ದ ಹಾಗೆಯೇ ತಲೆ ತುಂಬ ಸೆರಗು, ಸೆರಗಿನ ಕೆಳಗೆ ಸ್ಟೀಲಿನ ಡಬ್ಬಿ. ನಗು ಮಾತ್ರ ಇರಲಿಲ್ಲ.

‘ಶೇಖಮ್ಮ, ನಮ್ಮತ್ತಿ ಹಾಸಿಗಿ ಹಿಡದಾಳ. ನಾ ಬಡದದ್ದು ಉಗುಳ್ತಾಳ. ಹಿಂದಿನದ ತಾ ಅಂತ ಒಂದ ಸಮನ ಅಳ್ತಾಳ. ಎರಡು ರೊಟ್ಟಿ ಇದರಾಗ ಹಾಕು. ಎಷ್ಟು ಕೇಳ್ತಿ ಅಷ್ಟು ಕೊಡ್ತೀನಿ.’

‘ಮುಂದ ಬಾ.’

‘ಮಂದಿ ಅದಾರ.’

‘ಮಂದಿ ಇರ್ಲಿ ಅಂತನ ಇಲ್ಲಿ ಅಂಗಡಿ ಇಟ್ಟೀನಿ. ಬಂದು ಹಲಗಿ ಮ್ಯಾಲ ಕುಂದ್ರು. ಒಂದು ತುತ್ತು ತಿನ್ನು ಸಾಕು. ಆಮ್ಯಾಲ ನಿಮ್ಮತ್ತಿಗೆ ಬೇಕಾದಷ್ಟು ಕಟ್ಟಿ ಕೊಡ್ತೀನಿ. ರೊಕ್ಕಾನೂ ಬ್ಯಾಡ.’

ಸುನಂದಾಳ ಕಣ್ಣಲ್ಲಿ ನೀರು ಬಂತು.

‘ನನ್ನ ಕೈಯಾಗ ಏನದ ಹೇಳು. ಆ ಫೋಟಾನೂ ನನ್ನ ಕೇಳಿ ಹಾಕಲಿಲ್ಲ ಅವರು.’

ಅದು ಸುಳ್ಳಲ್ಲ ಅಂತ ಶೇಖಮ್ಮನಿಗೆ ಗೊತ್ತಿತ್ತು. ಒಂದು ಕ್ಷಣ ಪಾಪ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಸಿಟ್ಟೂ ಬಂತು. ಫೋಟೊ ಹಾಕಿದವರು ಅವರಾದರೂ ತನ್ನ ಬೆನ್ನ ಹಿಂದೆ ಸಗಣಿ ನೀರು ಚಿಮುಕಿಸಿದ ಕೈ ಇವಳದೇ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಅದು ತೆಳ್ಳಗೆ ಉಬ್ಬಿ ನಿಂತಿತು.

ಸುನಂದಾ ಜಾಲಿಯ ಮರೆಯಿಂದ ಒಂದು ಹೆಜ್ಜೆ ಈಚೆ ಇಟ್ಟಳು. ಮಾಳಿಂಗಪ್ಪ ತುತ್ತು ಕೈಯಲ್ಲೇ ಹಿಡಿದು ನೋಡಿದ. ಮೌಲಾಹುಸೇನ ಹಲಗೆಯಲ್ಲಿ ಸರಿದು ಜಾಗ ಮಾಡಿಕೊಟ್ಟ. ದೇವದುರ್ಗದ ಬಸ್ಸಿನ ಬೆಳಕು ತಿರುವಿನಲ್ಲಿ ಕಾಣಿಸಿತು. ಸುನಂದಾ ಸೆರಗು ಮುಖದ ಮೇಲೆ ಎಳೆದುಕೊಂಡಳು. ಖಾಲಿ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಬಂದ ದಾರಿಯಲ್ಲೇ ಊರ ಕಡೆ ಓಡಿದಳು.

ಒಲೆಯ ಮುಂದೆ ಕೂತಿದ್ದ ಯಮನಮ್ಮ ಕೋಲಿನಿಂದ ಜಾಲಿಯ ಬುಡ ತೋರಿಸಿದಳು. ಜೀವಮಾನವಿಡೀ ಬೆನ್ನ ಹಿಂದೆ ನೀರು ಬೀಳುವುದನ್ನು ಕೇಳಿಸಿಕೊಂಡು ಬದುಕಿದ ಮುದುಕಿ. ಸೊಸೆಯನ್ನು ಬೈಯುತ್ತಿದ್ದ ಬಾಯಿ ಈಗ ಗೆಲುವಾಗಿತ್ತು.

‘ಅಕಿ ನಿಂತ ಜಾಗಾಕ್ಕ ನೀರು ಹಾಕು ಬೇ. ಮೈಲಿಗಿ ಆಗ್ಯದ.’

ಶೇಖಮ್ಮ ಎಸರಿನ ತಂಬಿಗೆ ಎತ್ತಿಕೊಂಡು ಎದ್ದಳು. ಜಾಲಿಯ ಬುಡದವರೆಗೆ ಹೋದಳು. ಮಣ್ಣಿನಲ್ಲಿ ಸುನಂದಾಳ ಚಪ್ಪಲಿಯ ಗುರುತು ಬಿದ್ದಿತ್ತು. ತಂಬಿಗೆ ವಾಲಿಸಿದವಳು ಹಾಗೇ ನಿಂತಳು. ಈ ನೀರನ್ನು ಬೋರಿನಿಂದ ಹೊತ್ತು ತಂದು ಅವಳ ನೆತ್ತಿ ಇನ್ನೂ ನೋಯುತ್ತಿತ್ತು.

‘ಅವರ ಹೊಲಸಿಗೆ ನನ್ನ ನೀರು ಯಾಕ ದಂಡ ಮಾಡ್ಲಿ’ ಅಂದಳು.

ತಿರುಗಿ ಬಂದು ಕೂತಳು. ಪರಾತವನ್ನು ಹತ್ತಿರ ಎಳೆದುಕೊಂಡಳು. ಬಸ್ಸು ಬಂದು ನಿಂತಿತು, ಊರವರು ಒಬ್ಬೊಬ್ಬರಾಗಿ ಇಳಿದರು. ಅವರೆಲ್ಲ ನೋಡುತ್ತಿರುವಾಗ ಅವಳು ತಂಬಿಗೆಯ ನೀರನ್ನು ಹಿಟ್ಟಿಗೆ ಸುರಿದು, ಎರಡೂ ಕೈ ಹಾಕಿ ನಾದತೊಡಗಿದಳು.